ರೆಪ್ಪೆಯ ಮೇಲಿನ ಕೊಲೆಸ್ಟ್ರಾಲ್ ಕಲೆ: ಆಸಿಡ್ ಪೀಲ್ ಮಾಡಿಸಬೇಕಾ, ಲೇಸರ್ ಮಾಡಿಸಬೇಕಾ?

ಕಣ್ಣಿನ ಒಳಮೂಲೆಯ ಬಳಿ, ಮೂಗಿನ ಪಕ್ಕದ ರೆಪ್ಪೆಯ ಮೇಲೆ, ಹಳದಿ ಕಲೆಯೊಂದು ನಿಧಾನವಾಗಿ ಮೂಡುತ್ತದೆ. ನೋವಿಲ್ಲ, ತುರಿಕೆಯಿಲ್ಲ, ದೃಷ್ಟಿಗೂ ತೊಂದರೆಯಿಲ್ಲ. ಮುಟ್ಟಿದರೆ ಮೆತ್ತಗಿರುತ್ತದೆ. ತಿಂಗಳುಗಳು ಕಳೆದಂತೆ ಸ್ವಲ್ಪ ಅಗಲವಾಗುತ್ತದೆ. ಎಷ್ಟೋ ಸಲ ಇನ್ನೊಂದು ಕಣ್ಣಿನಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಅದರ ಜೋಡಿ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಜ್ಯಾಂಥೆಲಾಸ್ಮಾ ಎನ್ನುತ್ತಾರೆ. ಜನರ ಬಾಯಲ್ಲಿ ಇದು ಕೊಲೆಸ್ಟ್ರಾಲ್ ಕಲೆ.

ಕಲೆಯಿಂದ ಕಣ್ಣಿಗೆ ಅಪಾಯವಿಲ್ಲ ನಿಜ. ಆದರೆ ಎದುರಿಗಿರುವವರು ಮಾತಾಡುವಾಗ ನೋಡುವುದು ನಮ್ಮ ಕಣ್ಣನ್ನೇ ಅಲ್ವಾ? ದಿನವೂ ಕನ್ನಡಿಯಲ್ಲಿ ಅದನ್ನು ನೋಡಿ ಬೇಸತ್ತವರು ತೆಗೆಸಲು ಹೊರಡುವುದು ಸಹಜ. ಅದನ್ನು ಅತಿಯಾದ ಸೌಂದರ್ಯದ ಹುಚ್ಚು ಎಂದು ಯಾರೂ ಹಗುರವಾಗಿ ಕಾಣಬಾರದು.

ಹಾಗೆ ಹೊರಟವರ ಮುಂದೆ ಬರುವ ಹೆಸರುಗಳು ಮುಖ್ಯವಾಗಿ ಎರಡು: ಟಿಸಿಎ ಪೀಲ್ ಮತ್ತು ಲೇಸರ್. ಒಂದು ಕಡೆ ಆಸಿಡ್ ಹಚ್ಚಿ ಸುಡುತ್ತಾರೆ, ಇನ್ನೊಂದು ಕಡೆ ಬೆಳಕಿನಿಂದ ಸುಡುತ್ತಾರೆ. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಕಲೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಚಿಕಿತ್ಸೆ ಮಾಡುವವರಿಗೆ ಆ ಆಳ ಎಷ್ಟರ ಮಟ್ಟಿಗೆ ಕಾಣುತ್ತದೆ, ಇವೆರಡರ ಮೇಲೆ ಎಲ್ಲವೂ ನಿಂತಿದೆ. ಇದು ಅರ್ಥವಾದರೆ ವೈದ್ಯರ ಎದುರು ಕೂತಾಗ ಏನು ಕೇಳಬೇಕು ಎಂಬುದೂ ತಾನಾಗಿ ಹೊಳೆಯುತ್ತದೆ.

ಕಲೆ ಇರುವುದು ಚರ್ಮದ ಒಳಗೆ

ತುಂಬಾ ಜನ ಇದನ್ನು ಚರ್ಮದ ಕೆಳಗೆ ಕೂತ ಕೊಬ್ಬಿನ ಉಂಡೆ ಎಂದುಕೊಳ್ಳುತ್ತಾರೆ. ಚುಚ್ಚಿ ಹಿಂಡಿದರೆ ಹೊರಗೆ ಬರುತ್ತದೆ ಎಂದು ಪ್ರಯತ್ನಿಸಿದವರೂ ಇದ್ದಾರೆ. ಅದು ಬರುವುದಿಲ್ಲ, ಏಕೆಂದರೆ ಅಲ್ಲಿ ಉಂಡೆಯೇ ಇಲ್ಲ.

ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕೊಲೆಸ್ಟ್ರಾಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ರೆಪ್ಪೆಯ ಸಣ್ಣ ರಕ್ತನಾಳಗಳಿಂದ ಸುತ್ತಲಿನ ಚರ್ಮಕ್ಕೆ ಸೋರುತ್ತದೆ. ನಮ್ಮ ದೇಹದಲ್ಲಿ ಬೇಡದ್ದನ್ನು ನುಂಗಿ ಹಾಕುವ ಮ್ಯಾಕ್ರೋಫೇಜ್ ಎಂಬ ಕೋಶಗಳಿವೆ. ಅವು ಈ ಕೊಬ್ಬನ್ನು ನುಂಗುತ್ತವೆ. ನುಂಗಿದ್ದನ್ನು ಖಾಲಿ ಮಾಡಲಾಗದೆ ಊದಿಕೊಂಡು ಅಲ್ಲೇ ಉಳಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದಂತೆ ಕಾಣುವುದರಿಂದ ಇವನ್ನು ನೊರೆ ಕೋಶಗಳು ಎನ್ನುತ್ತಾರೆ. ಇಂಥ ಸಾವಿರಾರು ಕೋಶಗಳು ರಕ್ತನಾಳಗಳ ಸುತ್ತ ಗುಂಪು ಕಟ್ಟಿದಾಗ ಹೊರಗಿನಿಂದ ಹಳದಿಯಾಗಿ ಕಾಣುತ್ತದೆ.

ಈ ಗುಂಪು ಇರುವುದು ಒಳಚರ್ಮದಲ್ಲಿ, ಅಂದರೆ ಡರ್ಮಿಸ್‌ನಲ್ಲಿ. ಮೇಲಿನ ಪದರ ಮಾಮೂಲಿಯಾಗಿಯೇ ಇರುತ್ತದೆ. ಹಾಗಾಗಿ ಮೇಲ್ಪದರಕ್ಕೆ ಹಚ್ಚುವ ಯಾವ ಕ್ರೀಮೂ ಇದನ್ನು ಕರಗಿಸಲಾರದು. ಕಲೆ ಹೋಗಬೇಕಾದರೆ ಆ ಕೋಶಗಳಿರುವ ಆಳದವರೆಗೆ ಚರ್ಮವನ್ನು ನಾಶ ಮಾಡಬೇಕು, ಆಮೇಲೆ ಹೊಸ ಚರ್ಮ ಬೆಳೆಯಬೇಕು. ಪೀಲ್ ಆಗಲಿ, ಲೇಸರ್ ಆಗಲಿ, ಮಾಡುವುದು ಇದನ್ನೇ. ಎರಡೂ ಲೆಕ್ಕ ಹಾಕಿ ಮಾಡಿದ ಗಾಯಗಳೇ.

ಕಷ್ಟ ಇರುವುದು ಜಾಗದಲ್ಲಿ. ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು, ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೇರೆ ಕಡೆ ಚರ್ಮದ ಕೆಳಗೆ ಕೊಬ್ಬಿನ ಪದರವಿರುತ್ತದೆ, ಇಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಚರ್ಮ ಮುಗಿದ ಕೂಡಲೇ ಕಣ್ಣು ಮುಚ್ಚಿಸುವ ಸ್ನಾಯು. ಒಳಮೂಲೆಯಲ್ಲಿ ಕಣ್ಣೀರು ಹರಿದು ಹೋಗುವ ಸಣ್ಣ ನಾಳಗಳೂ ಇವೆ. ಕಡಿಮೆ ಆಳಕ್ಕೆ ಹೋದರೆ ನೊರೆ ಕೋಶಗಳು ಉಳಿದು ಕಲೆ ಮತ್ತೆ ಕಾಣುತ್ತದೆ. ಜಾಸ್ತಿ ಆಳಕ್ಕೆ ಹೋದರೆ ಗಾಯದ ಗುರುತು ಉಳಿಯುತ್ತದೆ. ಕೆಳರೆಪ್ಪೆಯಲ್ಲಾದರೆ ಗಾಯ ಮಾಗುವಾಗ ಚರ್ಮ ಬಿಗಿದು ರೆಪ್ಪೆ ಹೊರಕ್ಕೆ ಮಗುಚಿಕೊಳ್ಳುವ ಅಪಾಯವೂ ಇದೆ. ಎಡಕ್ಕೂ ಬಲಕ್ಕೂ ಜಾಗವಿಲ್ಲದ ಕೆಲಸ ಇದು.

ಮೊದಲು ರಕ್ತ ಪರೀಕ್ಷೆ

ಚಿಕಿತ್ಸೆಯ ಮಾತಿಗೆ ಹೋಗುವ ಮುಂಚೆ ಒಂದು ವಿಷಯ ಹೇಳಲೇಬೇಕು. ಕಲೆ ತೆಗೆಸುವ ಆತುರದಲ್ಲಿ ತುಂಬಾ ಜನ ಬಿಟ್ಟುಬಿಡುವುದು ಇದನ್ನೇ.

ಈ ಕಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಕೊಲೆಸ್ಟ್ರಾಲ್ ಮಟ್ಟ ಮಾಮೂಲಿಯಾಗಿಯೇ ಇರುತ್ತದೆ. ಇದನ್ನು ಕೇಳಿ ಕೆಲವರು ನಿರಾಳರಾಗುತ್ತಾರೆ. ಆದರೆ ಉಳಿದ ಅರ್ಧದಷ್ಟು ಜನರಿಗೆ ಕೊಬ್ಬಿನ ಏರುಪೇರು ಇದೆ ಎಂದೂ ಆಯಿತಲ್ಲ. ಅದರಲ್ಲಿ ಕೆಲವರಿಗೆ ವಂಶದಿಂದ ಬಂದ ಅಧಿಕ ಕೊಲೆಸ್ಟ್ರಾಲ್ ಇರಬಹುದು. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಅದು ಇದೆ, ಎಷ್ಟೋ ಜನರಿಗೆ ಅದರ ಅರಿವೇ ಇರುವುದಿಲ್ಲ. ಥೈರಾಯ್ಡ್ ಕಡಿಮೆ ಇರುವುದು, ಸಕ್ಕರೆ ಕಾಯಿಲೆ, ಪಿತ್ತ ಸರಿಯಾಗಿ ಹರಿಯದ ಲಿವರ್ ಕಾಯಿಲೆ, ಕಿಡ್ನಿಯಿಂದ ಪ್ರೋಟೀನ್ ಸೋರುವ ಕಾಯಿಲೆ, ಇವೂ ಹಿನ್ನೆಲೆಯಲ್ಲಿ ಇರಬಹುದು.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ 1970ರ ದಶಕದಲ್ಲಿ ಶುರುವಾದ ಹೃದಯ ಅಧ್ಯಯನವೊಂದಿದೆ. 12,000ಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಶುರುವಿನಲ್ಲಿ ಇವರಲ್ಲಿ 4.4% ಜನರಿಗೆ ರೆಪ್ಪೆಯ ಮೇಲೆ ಈ ಕಲೆ ಇತ್ತು. ಕಲೆ ಇಲ್ಲದವರಿಗಿಂತ ಇವರಿಗೆ ಹೃದಯಾಘಾತದ ಸಂಭವ ಸುಮಾರು 48% ಹೆಚ್ಚು ಎಂದು ಕಂಡುಬಂತು. ಗಮನಿಸಬೇಕಾದ್ದು ಏನೆಂದರೆ, ಕೊಲೆಸ್ಟ್ರಾಲ್ ಮಟ್ಟ, ಬಿಪಿ, ಸಿಗರೇಟು ಮುಂತಾದವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಅಂದರೆ ರಕ್ತದ ವರದಿ ಚೆನ್ನಾಗಿದ್ದವರಲ್ಲೂ ಈ ಕಲೆ ಏನೋ ಹೇಳುತ್ತಿರಬಹುದು.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ಕಲೆ ಇದ್ದವರಿಗೆಲ್ಲ ಹೃದಯಾಘಾತ ಆಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಕಲೆ ತೆಗೆಸಿದರೆ ಮುಖ ಮಾತ್ರ ಚೆನ್ನಾಗಿ ಕಾಣುತ್ತದೆ, ರಕ್ತನಾಳದೊಳಗಿನ ಪರಿಸ್ಥಿತಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಥೈರಾಯ್ಡ್, ಸಕ್ಕರೆ, ಲಿವರ್ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿಕೊಂಡು, ಆಮೇಲೆ ಕಲೆಯ ಕಡೆ ಗಮನ ಕೊಡಿ. ರಕ್ತದ ವರದಿಯನ್ನು ಕೇಳದೆಯೇ ನೇರ ಲೇಸರ್ ಕೋಣೆಗೆ ಕರೆದೊಯ್ಯುವ ಕ್ಲಿನಿಕ್ ನನಗೆ ಸರಿ ಕಾಣುವುದಿಲ್ಲ.

ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಂಡರೆ ಕಲೆ ತಾನಾಗಿ ಹೋಗುತ್ತದಾ ಎಂದು ಕೇಳುವವರಿದ್ದಾರೆ. ಕೆಲವರಲ್ಲಿ ಸ್ವಲ್ಪ ಮಾಸಿದ ಉದಾಹರಣೆಗಳಿವೆ, ಆದರೆ ಹೆಚ್ಚಿನವರಲ್ಲಿ ಹೋಗುವುದಿಲ್ಲ. ಮಾತ್ರೆ ಹೃದಯಕ್ಕಾಗಿ, ಕಲೆಗಾಗಿ ಅಲ್ಲ.

ಆಸಿಡ್ ಹೇಗೆ ಕೆಲಸ ಮಾಡುತ್ತದೆ

ಇಲ್ಲಿ ಬಳಸುವ ಆಸಿಡ್‌ನ ಪೂರ್ತಿ ಹೆಸರು ಟ್ರೈಕ್ಲೋರೋಅಸಿಟಿಕ್ ಆಸಿಡ್, ಚಿಕ್ಕದಾಗಿ ಟಿಸಿಎ. ಮುಖದ ಹೊಳಪಿಗೆಂದು ಪಾರ್ಲರ್‌ಗಳಲ್ಲಿ ಮಾಡುವ ಮೃದು ಪೀಲ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದನ್ನು ಮುಖಕ್ಕೆಲ್ಲ ಹಚ್ಚುವುದಿಲ್ಲ. ಚೂಪಾದ ಕಡ್ಡಿಯ ತುದಿಗೋ, ತೀರಾ ಸಣ್ಣದಾಗಿ ಸುತ್ತಿದ ಹತ್ತಿಗೋ ತಾಗಿಸಿಕೊಂಡು, ಕಲೆಯ ಮೇಲೆ ಮಾತ್ರ ಒತ್ತುತ್ತಾರೆ.

ಟಿಸಿಎ ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಬಿಸಿ ಹಂಚಿಗೆ ಬಿದ್ದ ಮೊಟ್ಟೆಯ ಬಿಳಿಭಾಗ ಪಾರದರ್ಶಕದಿಂದ ಬೆಳ್ಳಗಾಗುತ್ತದಲ್ಲ, ಇಲ್ಲೂ ನಡೆಯುವುದು ಅದೇ ಬಗೆಯ ಬದಲಾವಣೆ. ಆಸಿಡ್ ತಾಗಿದ ಜಾಗ ಕೆಲವೇ ಕ್ಷಣಗಳಲ್ಲಿ ಬೆಳ್ಳಗಾಗುತ್ತದೆ. ಇದಕ್ಕೆ ಫ್ರಾಸ್ಟಿಂಗ್ ಎನ್ನುತ್ತಾರೆ. ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತಾ ಹೋದಂತೆ ಆಸಿಡ್ ತಾನೂ ಖರ್ಚಾಗುತ್ತದೆ, ಹಾಗಾಗಿ ಒಂದು ಆಳಕ್ಕೆ ಹೋಗಿ ನಿಲ್ಲುತ್ತದೆ. ರಕ್ತಕ್ಕೆ ಸೇರಿ ದೇಹಕ್ಕೆಲ್ಲ ಹರಡುವುದಿಲ್ಲ. ಇನ್ನೊಂದು ಮಾತು: ಒಮ್ಮೆ ಬೆಳ್ಳಗಾದ ಮೇಲೆ ನೀರು ಹಾಕಿ ತೊಳೆದರೂ ಆಗಿದ್ದು ಹಿಂದಕ್ಕೆ ಬರುವುದಿಲ್ಲ.

ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದು ಆಸಿಡ್‌ನ ಸಾಂದ್ರತೆ, ಹಚ್ಚಿದ ಪ್ರಮಾಣ, ಒತ್ತಿದ ಬಲ, ಎಷ್ಟು ಸಲ ಹಚ್ಚಿದರು, ಚರ್ಮದ ಮೇಲಿನ ಎಣ್ಣೆ ಒರೆಸಿದ್ದರೋ ಇಲ್ಲವೋ, ಇಷ್ಟೆಲ್ಲದರ ಮೇಲೆ ನಿಂತಿದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50%, 70% ಮತ್ತು 100% ಸಾಂದ್ರತೆಗಳನ್ನು ಹೋಲಿಸಿ ನೋಡಿದರು. ಚರ್ಮದ ಮಟ್ಟದಲ್ಲೇ ಇರುವ ತೆಳು ಕಲೆಗಳಿಗೆ 50% ಸಾಕಾಯಿತು. ಉಬ್ಬಿ ಗಂಟಾದ ಕಲೆಗಳಿಗೆ 100% ಚೆನ್ನಾಗಿ ಕೆಲಸ ಮಾಡಿತು, ಸಿಟ್ಟಿಂಗ್‌ಗಳೂ ಕಡಿಮೆ ಬೇಕಾದವು. ಸಾಮಾನ್ಯವಾಗಿ ಕಂಡ ಅಡ್ಡ ಪರಿಣಾಮ ಆ ಜಾಗದ ಬಣ್ಣ ತಿಳಿಯಾಗುವುದು, ಅದಕ್ಕಿಂತ ಕಡಿಮೆ ಸಲ ಕಂಡದ್ದು ಬಣ್ಣ ಕಪ್ಪಾಗುವುದು. ಸಾಂದ್ರತೆ ಎಂಬುದು ಬಾಟಲಿಯ ಮೇಲೆ ಬರೆದ ಬರೀ ಅಂಕಿ ಅಲ್ಲ ಎಂಬುದೂ ಇಲ್ಲಿ ಮುಖ್ಯ. ದ್ರಾವಣ ತಯಾರಿಸುವ ವಿಧಾನ ಬೇರೆಯಾದರೆ ಒಂದೇ ಅಂಕಿ ಬರೆದ ಎರಡು ಬಾಟಲಿಗಳ ನಿಜವಾದ ಬಲ ಬೇರೆಯಾಗುತ್ತದೆ.

ಸಿಟ್ಟಿಂಗ್ ಬೇಗ ಮುಗಿಯುತ್ತದೆ. ಮೊದಲು ಕಲೆಯ ಸುತ್ತ ವ್ಯಾಸಲೀನ್ ಹಚ್ಚಿ ಒಳ್ಳೆಯ ಚರ್ಮಕ್ಕೆ ಬೇಲಿ ಹಾಕುತ್ತಾರೆ. ತಲೆಯನ್ನು ಎತ್ತರದಲ್ಲಿ ಇಡಿಸುತ್ತಾರೆ. ಕಡ್ಡಿಯಿಂದ ಹನಿ ಬೀಳದಂತೆ ಹಿಂಡಿ ಒಣಗಿಸಿಕೊಂಡಿರುತ್ತಾರೆ. ಪಕ್ಕದಲ್ಲಿ ಒಬ್ಬರು ಕಣ್ಣೀರನ್ನು ಒರೆಸುತ್ತಲೇ ಇರಬೇಕು, ಏಕೆಂದರೆ ಕಣ್ಣೀರಿನ ಎಳೆ ಆಸಿಡ್‌ಗೆ ತಾಗಿದರೆ ಅದೇ ದಾರಿಯಲ್ಲಿ ಆಸಿಡ್ ಕಣ್ಣಿಗೆ ಹರಿಯಬಹುದು. ಕಣ್ಣು ತೊಳೆಯಲು ಸಲೈನ್ ಕೈಗೆಟುಕುವಂತೆ ಇರಬೇಕು. ಉರಿ ಕೆಲವು ನಿಮಿಷ ಇರುತ್ತದೆ, ಫ್ಯಾನ್ ಗಾಳಿಗೆ ತಣ್ಣಗಾಗುತ್ತದೆ. ಮರುದಿನ ರೆಪ್ಪೆ ಊದಿಕೊಳ್ಳಬಹುದು. ಎರಡು ಮೂರು ದಿನಕ್ಕೆ ಕಂದು ಹೊಪ್ಪಳೆ ಕಟ್ಟುತ್ತದೆ, ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಕಲೆ ಉಳಿದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಹಚ್ಚುತ್ತಾರೆ.

ಲೇಸರ್ ಹೇಗೆ ಕೆಲಸ ಮಾಡುತ್ತದೆ

ಲೇಸರ್ ಎಂಬ ಒಂದೇ ಹೆಸರಿನ ಕೆಳಗೆ ತೀರಾ ಬೇರೆ ಬೇರೆ ಯಂತ್ರಗಳಿವೆ. ಇದನ್ನು ತಿಳಿಯದೆ ಮೋಸ ಹೋಗುವುದು ಸುಲಭ.

ಈ ಕಲೆಗೆ ಹೆಚ್ಚು ನಂಬಿಕೆಯಿಂದ ಬಳಸುವುದು ಚರ್ಮವನ್ನು ಆವಿ ಮಾಡುವ ಲೇಸರ್‌ಗಳನ್ನು. ಅದರಲ್ಲಿ ಎರಡು ಮುಖ್ಯ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗದ ಉದ್ದ 10,600 ನ್ಯಾನೋಮೀಟರ್, ಎರ್ಬಿಯಂ ಲೇಸರ್‌ದು 2,940. ಎರಡೂ ಬೆಳಕನ್ನು ಹೀರುವುದು ಚರ್ಮದಲ್ಲಿರುವ ನೀರು. ಕ್ಷಣದಲ್ಲಿ ನೀರು ಕಾದು ಆವಿಯಾಗುತ್ತದೆ, ಜೊತೆಗೆ ಕೋಶವೂ ಹೋಗುತ್ತದೆ. ಎರ್ಬಿಯಂ ಬೆಳಕನ್ನು ನೀರು ಇನ್ನೂ ಜೋರಾಗಿ ಹೀರುವುದರಿಂದ ತೀರಾ ತೆಳು ಪದರವಷ್ಟೇ ಹಾರಿಹೋಗುತ್ತದೆ, ಸುತ್ತಲಿನ ಚರ್ಮಕ್ಕೆ ಬಿಸಿ ಕಡಿಮೆ ತಾಗುತ್ತದೆ. ಆದರೆ ರಕ್ತ ಜಿನುಗುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಸ್ವಲ್ಪ ಬಿಸಿ ಬಿಟ್ಟುಹೋಗುತ್ತದೆ, ಅದೇ ಬಿಸಿ ಸಣ್ಣ ರಕ್ತನಾಳಗಳನ್ನು ಮುಚ್ಚುವುದರಿಂದ ಕೆಲಸದ ಜಾಗ ಒಣಗಿ ಸ್ಪಷ್ಟವಾಗಿರುತ್ತದೆ. ಬೆಳಕನ್ನು ತೀರಾ ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಡುವ ಅಲ್ಟ್ರಾಪಲ್ಸ್ ಯಂತ್ರಗಳು ಬಂದ ಮೇಲೆ ಅನಗತ್ಯ ಬಿಸಿಯ ತೊಂದರೆ ಸಾಕಷ್ಟು ಕಡಿಮೆಯಾಗಿದೆ.

ಫ್ರಾಕ್ಷನಲ್ ಲೇಸರ್ ಎಂದರೆ ಇಡೀ ಜಾಗವನ್ನು ಸುಡದೆ, ನಡುನಡುವೆ ಒಳ್ಳೆಯ ಚರ್ಮ ಬಿಟ್ಟು ಸಣ್ಣ ತೂತುಗಳನ್ನಷ್ಟೇ ಕೊರೆಯುವುದು. ಬೇಗ ಮಾಗುತ್ತದೆ, ಗಾಯದ ಗುರುತು ಉಳಿಯುವ ಭಯ ಕಡಿಮೆ. ಆದರೆ ಹಲವು ಸಿಟ್ಟಿಂಗ್ ಬೇಕು, ಹಳದಿ ಪೂರ್ತಿ ಹೋಗುವ ಸಂಭವವೂ ಕಡಿಮೆ. ಪಲ್ಸ್ಡ್ ಡೈ ಲೇಸರ್ ರಕ್ತನಾಳಗಳನ್ನು ಗುರಿಯಿಡುತ್ತದೆ, ತೆಳು ಕಲೆಗಳಲ್ಲಿ ಸ್ವಲ್ಪ ಪ್ರಯೋಜನ ಕಾಣಬಹುದು. ಹಚ್ಚೆ ಅಳಿಸಲು ಬಳಸುವ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಲೇಸರ್ ಅನ್ನು 76 ಕಲೆಗಳ ಮೇಲೆ ಪರೀಕ್ಷಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ರೆಪ್ಪೆಯ ಕಲೆಗೆ ಈ ಲೇಸರ್ ಅನ್ನು ಶಿಫಾರಸು ಮಾಡಲಾಗದು ಎಂಬ ತೀರ್ಮಾನಕ್ಕೆ ಅಧ್ಯಯನ ಮಾಡಿದವರು ಬಂದರು. ಹಾಗಾಗಿ "ನಮ್ಮಲ್ಲಿ ಲೇಸರ್ ಇದೆ" ಎಂದರೆ ಸಾಲದು. ಯಾವ ಲೇಸರ್ ಎಂದು ಕೇಳಿ. ಇರುವ ಯಂತ್ರವನ್ನು ಎಲ್ಲ ಕಾಯಿಲೆಗೂ ಬಳಸುವ ಕಡೆ ನಿಮ್ಮ ರೆಪ್ಪೆಯನ್ನು ಕೊಡಬೇಡಿ.

ಲೇಸರ್‌ಗೆ ಮುಂಚೆ ಸಾಮಾನ್ಯವಾಗಿ ಕಲೆಯ ಕೆಳಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ರೆಪ್ಪೆಯ ಒಳಗೆ, ಕಣ್ಣುಗುಡ್ಡೆಯ ಮೇಲೆಯೇ ಲೋಹದ ಕವಚ ಇಡುತ್ತಾರೆ. ಇದು ತಪ್ಪಿಸಬಾರದ ಹಂತ. ಹೊರಗಿನಿಂದ ಕಟ್ಟುವ ಕನ್ನಡಕ ಇಲ್ಲಿ ಸಾಲದು, ಏಕೆಂದರೆ ಕೆಲಸ ನಡೆಯುವುದೇ ರೆಪ್ಪೆಯ ಮೇಲೆ. ಪ್ಲಾಸ್ಟಿಕ್ ಕವಚವೂ ಆಗುವುದಿಲ್ಲ, ಬಿಸಿಗೆ ಕರಗಬಹುದು. ಇಂಜೆಕ್ಷನ್ ಬೇಡ, ಮರಗಟ್ಟುವ ಕ್ರೀಮ್ ಹಚ್ಚಿ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಅಂಥ ಕೆಲವು ಕ್ರೀಮ್‌ಗಳು ಕ್ಷಾರ ಗುಣದವು, ಜಾರಿ ಕಣ್ಣಿಗೆ ಹೋದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಗಾಯ ಮಾಡುತ್ತವೆ.

ಕಾಣುವುದು, ಕಾಣದಿರುವುದು

ಎರಡರ ನಡುವಿನ ದೊಡ್ಡ ವ್ಯತ್ಯಾಸ ನನ್ನ ಪ್ರಕಾರ ಇದು: ಲೇಸರ್ ಮಾಡುವವರಿಗೆ ಕೊನೆ ಕಾಣುತ್ತದೆ, ಆಸಿಡ್ ಹಚ್ಚುವವರಿಗೆ ಕಾಣುವುದಿಲ್ಲ.

ಆವಿ ಮಾಡುವ ಲೇಸರ್‌ನಲ್ಲಿ ಒಂದು ಪದರ ತೆಗೆದು, ಒದ್ದೆ ಹತ್ತಿಯಿಂದ ಒರೆಸಿ, ಕೆಳಗೆ ನೋಡುತ್ತಾರೆ. ಹಳದಿ ಇನ್ನೂ ಇದ್ದರೆ ಮತ್ತೊಂದು ಪದರ. ಹಳದಿ ಮುಗಿದು ಮಾಮೂಲಿ ಚರ್ಮ ಕಂಡ ಕೂಡಲೇ ನಿಲ್ಲಿಸುತ್ತಾರೆ. ಒಂದೇ ಕಲೆಯಲ್ಲಿ ಒಂದು ತುದಿ ತೆಳು, ಇನ್ನೊಂದು ತುದಿ ಆಳ ಇದ್ದರೂ ಅದಕ್ಕೆ ತಕ್ಕಂತೆ ಕೈ ಬದಲಿಸಬಹುದು. ಆಸಿಡ್‌ನಲ್ಲಿ ಹಾಗಲ್ಲ. ಹಚ್ಚಿದ ತಕ್ಷಣ ಎಲ್ಲವೂ ಬೆಳ್ಳಗಾಗಿ ಹಳದಿಯನ್ನೇ ಮುಚ್ಚಿಬಿಡುತ್ತದೆ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯುವುದು ಹೊಪ್ಪಳೆ ಬಿದ್ದ ಮೇಲೆ. ಬಿಳುಪಿನ ಗಾಢತೆ ನೋಡಿ ಆಳ ಅಂದಾಜಿಸುವ ಕೌಶಲ ಅನುಭವದಿಂದ ಬರುತ್ತದೆ, ಆದರೂ ಅದು ಅಂದಾಜೇ.

ಆದ್ದರಿಂದಲೇ ಜವಾಬ್ದಾರಿಯಿರುವ ವೈದ್ಯರು ಆಸಿಡ್‌ನಲ್ಲಿ ಸ್ವಲ್ಪ ಕಡಿಮೆಗೇ ನಿಲ್ಲಿಸಿ, ಬೇಕಾದರೆ ಮತ್ತೆ ಕರೆಯುತ್ತಾರೆ. ಸಿಟ್ಟಿಂಗ್ ಜಾಸ್ತಿ ಆಗುವುದು ಇದರಿಂದ. ಲೇಸರ್ ಹೆಚ್ಚಾಗಿ ಒಂದೋ ಎರಡೋ ಸಲಕ್ಕೆ ಮುಗಿಯುತ್ತದೆ. ಒಂದೇ ಸಲಕ್ಕೆ ಮುಗಿಸಿಕೊಡುತ್ತೇನೆ ಎಂದು ಉಬ್ಬಿದ ಕಲೆಗೆ ಜೋರು ಆಸಿಡ್ ಸುರಿಯುವವರಿಗಿಂತ, ಎರಡು ಮೂರು ಸಲ ಬನ್ನಿ ಎನ್ನುವವರೇ ಮೇಲು.

ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಲ್ಟ್ರಾಪಲ್ಸ್ ಕಾರ್ಬನ್ ಡೈಆಕ್ಸೈಡ್ ಲೇಸರ್, ಇನ್ನೊಂದಕ್ಕೆ 30% ಟಿಸಿಎ ಕೊಟ್ಟರು. ಸಣ್ಣ ಕಲೆಗಳಲ್ಲಿ ಎರಡೂ ಪರಿಣಾಮಕಾರಿಯಾದವು. ದೊಡ್ಡ, ತೀವ್ರ ಕಲೆಗಳಲ್ಲಿ ಲೇಸರ್ ಮುಂದಿತ್ತು. ಆದರೆ ಇದನ್ನು ಓದುವಾಗ ಆಸಿಡ್‌ನ ಬಲವನ್ನೂ ನೋಡಬೇಕು. 30% ಎಂಬುದು ಈ ಕೆಲಸಕ್ಕೆ ಮೆದುವಾದ ಸಾಂದ್ರತೆ. 70% ಟಿಸಿಎಯನ್ನು ಎರ್ಬಿಯಂ ಲೇಸರ್ ಜೊತೆ ಹೋಲಿಸಿದ 2014ರ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಫಲಿತಾಂಶದಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. "ಲೇಸರ್ ಗೆದ್ದಿತು" ಎಂಬ ಸಾಲು ಎಲ್ಲಾದರೂ ಕಂಡರೆ, ಯಾವ ಆಸಿಡ್‌ನ ಎದುರು ಎಂದು ಸುಮ್ನೆ ಒಮ್ಮೆ ಕೇಳಿಕೊಳ್ಳಿ.

ಇವನ್ನೆಲ್ಲ ಸೇರಿಸಿ ನೋಡಿದರೆ ನನಗೆ ಅನಿಸುವುದು ಹೀಗೆ. ಕಲೆ ಸಣ್ಣದು, ಚಪ್ಪಟೆ, ಇತ್ತೀಚಿನದು ಆಗಿದ್ದು, ಕೈ ಪಳಗಿದ ಚರ್ಮವೈದ್ಯರು ಸಿಕ್ಕರೆ ಟಿಸಿಎ ಸಾಕು. ಇಂಜೆಕ್ಷನ್ ಬೇಡ, ದುಬಾರಿ ಯಂತ್ರ ಬೇಡ, ಕೆಲಸವೂ ಬೇಗ. ಕಲೆ ಉಬ್ಬಿದ್ದರೆ, ಅಗಲವಾಗಿದ್ದರೆ, ಕಣ್ಣಿನ ಅಂಚಿಗೆ ತೀರಾ ಹತ್ತಿರವಿದ್ದರೆ, ಅಥವಾ ಆಸಿಡ್ ಹಚ್ಚಿಸಿಯೂ ಉಳಿದಿದ್ದರೆ ಆವಿ ಮಾಡುವ ಲೇಸರ್ ಒಳ್ಳೆಯದು. ಅಂಚಿನ ಬಳಿ ಆಸಿಡ್ ಹರಿಯುವ ಭಯ ದೊಡ್ಡದು, ಲೇಸರ್ ಇಟ್ಟ ಜಾಗದಲ್ಲೇ ಇರುತ್ತದೆ. ತೀರಾ ದಪ್ಪವಾಗಿ ಸ್ನಾಯುವಿನವರೆಗೆ ಹೋಗಿದ್ದರೆ ಎರಡೂ ಬೇಡ, ರೆಪ್ಪೆಯ ಸರ್ಜನ್ ಕೈಯಲ್ಲಿ ಕತ್ತರಿಸಿ ಹೊಲಿಗೆ ಹಾಕಿಸುವುದೇ ಸರಿ. ಮೇಲ್ರೆಪ್ಪೆಯಲ್ಲಿ ಸಡಿಲ ಚರ್ಮ ಇರುವ ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ಗೆರೆ ಮಡಿಕೆಯಲ್ಲಿ ಅಡಗಿಹೋಗುತ್ತದೆ.

ಶಸ್ತ್ರಚಿಕಿತ್ಸೆಗೆ ಇನ್ನೊಂದು ಅನುಕೂಲವಿದೆ. ಕತ್ತರಿಸಿದ ತುಂಡನ್ನು ಲ್ಯಾಬಿಗೆ ಕಳಿಸಬಹುದು. ಆಸಿಡ್ ಹಾಗೂ ಲೇಸರ್ ಎರಡೂ ಕಲೆಯನ್ನು ನಾಶ ಮಾಡಿಬಿಡುತ್ತವೆ, ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಹೆಚ್ಚಿನ ಕಲೆಗಳನ್ನು ನೋಡಿಯೇ ಗುರುತಿಸಬಹುದು, ಅದಕ್ಕೆ ಬಯಾಪ್ಸಿ ಬೇಡ. ಆದರೆ ಕಲೆ ಗಟ್ಟಿಯಾಗಿದ್ದರೆ, ಬೇಗ ಬೇಗ ಬೆಳೆಯುತ್ತಿದ್ದರೆ, ಹುಣ್ಣಾಗಿ ರಕ್ತ ಬರುತ್ತಿದ್ದರೆ, ಆ ಜಾಗದ ರೆಪ್ಪೆಗೂದಲು ಉದುರಿದ್ದರೆ, ಅದು ಬೇರೆಯೇ ಕಾಯಿಲೆ ಇರಬಹುದು. ರೆಪ್ಪೆಯಲ್ಲಿ ಕ್ಯಾನ್ಸರ್ ಕೂಡ ಹಳದಿ ಗಂಟಿನ ವೇಷದಲ್ಲಿ ಬರುವುದುಂಟು. ಅಂಥದ್ದನ್ನು ಪರೀಕ್ಷೆ ಇಲ್ಲದೆ ಸುಡಿಸಬಾರದು.

ಕಂದು ಚರ್ಮ ಮತ್ತು ಬಣ್ಣದ ಪ್ರಶ್ನೆ

ತಿಳಿ ಚರ್ಮದವರ ಮೇಲೆ ನಡೆದ ಅಧ್ಯಯನಗಳನ್ನು ಕಂದು ಚರ್ಮದವರು ಹಾಗೇ ತಮಗೆ ಅನ್ವಯಿಸಿಕೊಳ್ಳಬಾರದು. ಕಂದು ಚರ್ಮಕ್ಕೆ ಯಾವುದೇ ಗಾಯವಾದರೂ ಮೆಲನಿನ್ ತಯಾರಿಸುವ ಕೋಶಗಳು ಕೆರಳುತ್ತವೆ. ಗಾಯ ಮಾಗಿದ ಮೇಲೆ ಅಲ್ಲಿ ಕಪ್ಪು ಉಳಿಯುತ್ತದೆ. ಆಳವಾಗಿ ಸುಟ್ಟರೆ ಆ ಕೋಶಗಳೇ ಸತ್ತು ಬಿಳಿ ಮಚ್ಚೆ ಉಳಿಯುತ್ತದೆ. ಕಪ್ಪು ಬಣ್ಣ ಹೆಚ್ಚಾಗಿ ಕೆಲವು ತಿಂಗಳುಗಳಲ್ಲಿ ಮಾಸುತ್ತದೆ. ಬಿಳುಪು ಹಟಮಾರಿ. ಹಳದಿ ಹೋಗಿ ಅದೇ ಜಾಗದಲ್ಲಿ ಬಿಳಿ ಮಚ್ಚೆ ಬಂದರೆ ಮಾಡಿಸಿಕೊಂಡವರ ಮನಸ್ಸು ಎಷ್ಟು ನೋಯಬಹುದು, ಯೋಚಿಸಿ.

ಎರಡು ಚಿಕಿತ್ಸೆಗಳಲ್ಲೂ ಈ ಅಪಾಯ ಇದೆ. ಆಸಿಡ್‌ನಲ್ಲಿ ಆಳದ ಹಿಡಿತ ಕಡಿಮೆಯಾದ್ದರಿಂದ, ಅದರಲ್ಲೂ ಜೋರು ಸಾಂದ್ರತೆಯಲ್ಲಿ, ಬಿಳುಪಾಗುವ ಸಂಭವವನ್ನು ವೈದ್ಯರ ಜೊತೆ ಬಿಚ್ಚಿ ಮಾತಾಡಿ. ಲೇಸರ್‌ನಲ್ಲಿ ಉಳಿದ ಬಿಸಿ ಕಪ್ಪನ್ನು ಕೆರಳಿಸುತ್ತದೆ. ಎರಡೂ ಕಣ್ಣಿನಲ್ಲಿ ಕಲೆ ಇದ್ದರೆ ಮೊದಲು ಒಂದೇ ಒಂದು ಸಣ್ಣ ಕಲೆಗೆ ಮಾಡಿಸಿ, ಎರಡು ಮೂರು ತಿಂಗಳು ಕಾದು, ಬಣ್ಣ ಹೇಗೆ ಬಂತು ನೋಡಿ ಮುಂದುವರಿಯುವುದು ಜಾಣತನ. ಇದಕ್ಕೆ ಒಪ್ಪದ ವೈದ್ಯರು ಕಡಿಮೆ.

ಗಾಯ ಗಡುಸಾಗಿ ಉಬ್ಬುವ ಕೀಲಾಯ್ಡ್ ಗುಣ ಇರುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಮುಖದ ಮೇಲೆ ಆಗಾಗ ಹರ್ಪಿಸ್ ಗುಳ್ಳೆ ಏಳುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ಇದನ್ನೆಲ್ಲ ಮೊದಲೇ ಹೇಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಮತ್ತೆ ಬರುತ್ತದಾ?

ಬರಬಹುದು. ಇದನ್ನು ಮೊದಲೇ ಒಪ್ಪಿಕೊಂಡು ಹೋಗಬೇಕು. ಹಳೆಯ ದಾಖಲೆಗಳಲ್ಲೇ ಇದು ಕಾಣುತ್ತದೆ: 1976ರಲ್ಲಿ ಪ್ರಕಟವಾದ ಶಸ್ತ್ರಚಿಕಿತ್ಸೆಯ ಅಧ್ಯಯನವೊಂದರಲ್ಲಿ ಮೊದಲ ಸಲ ಕತ್ತರಿಸಿ ತೆಗೆದ ಮೇಲೆ 40% ಜನರಲ್ಲಿ ಕಲೆ ಮರಳಿತ್ತು, ಎರಡನೇ ಸಲದ ನಂತರ 60% ಜನರಲ್ಲಿ. 1999ರಲ್ಲಿ ಪ್ರಕಟವಾದ ಅಲ್ಟ್ರಾಪಲ್ಸ್ ಲೇಸರ್ ವರದಿಯಲ್ಲಿ 23 ಜನರ 52 ಕಲೆಗಳನ್ನು ಒಂದೇ ಸಿಟ್ಟಿಂಗ್‌ನಲ್ಲಿ ತೆಗೆದರು. ಸುಮಾರು 10 ತಿಂಗಳ ನಂತರ 13% ಜನರಲ್ಲಿ ಮರಳಿತ್ತು. ಇವೆರಡನ್ನು ನೇರವಾಗಿ ಹೋಲಿಸುವಂತಿಲ್ಲ, ಗಮನಿಸಿದ ಅವಧಿಯೂ ಬೇರೆ, ಕಲೆಗಳ ಗಾತ್ರವೂ ಬೇರೆ.

ಮರಳುವುದಕ್ಕೆ ಎರಡು ಕಾರಣ. ಆಳದಲ್ಲಿ ಉಳಿದ ನೊರೆ ಕೋಶಗಳು ಒಂದು. ಇನ್ನೊಂದು, ಸೋರಿಕೆ ನಿಂತಿಲ್ಲ ಎಂಬುದು. ಗೋಡೆಯ ತೇವ ಹಾಗೇ ಇರುವಾಗ ಬಣ್ಣ ಬಳಿದಂತೆ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಕೊಲೆಸ್ಟ್ರಾಲ್ ಹತೋಟಿಗೆ ತಂದ ಮೇಲೂ ಕೆಲವರಿಗೆ ಮರಳುತ್ತದೆ, ಅದರಲ್ಲಿ ಅವರ ತಪ್ಪೇನೂ ಇರುವುದಿಲ್ಲ. ನಾಲ್ಕೂ ರೆಪ್ಪೆಗಳಲ್ಲಿ ಕಲೆ ಇರುವವರಿಗೆ, ವಂಶದಿಂದ ಅಧಿಕ ಕೊಲೆಸ್ಟ್ರಾಲ್ ಬಂದವರಿಗೆ ಈ ಸಂಭವ ಜಾಸ್ತಿ. ಮರಳಿದ ಕಲೆ ಸಣ್ಣದಿರುವಾಗಲೇ ತೋರಿಸಿದರೆ ಸ್ವಲ್ಪ ಟಿಸಿಎ ತಾಗಿಸಿಯೇ ಮುಗಿಸಬಹುದು. ಮೊದಲ ಸಲ ಲೇಸರ್, ಆಮೇಲೆ ಬೇಕಾದಾಗ ಆಸಿಡ್ ಎಂಬ ಜೋಡಿಯೂ ಒಳ್ಳೆಯ ದಾರಿಯೇ. ಇವು ಒಂದಕ್ಕೊಂದು ಶತ್ರುಗಳಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಆನ್‌ಲೈನಿನಲ್ಲಿ ಟಿಸಿಎ ಬಾಟಲಿ ಕೊಂಡು ಕನ್ನಡಿ ಮುಂದೆ ನಿಂತು ಹಚ್ಚಿಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ವೈದ್ಯರ ಮೇಲ್ವಿಚಾರಣೆ ಇಲ್ಲದೆ ಜೋರು ಪೀಲ್‌ಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂದು ಎಚ್ಚರಿಕೆ ಕೊಟ್ಟಿತು. ಆ ಪಟ್ಟಿಯಲ್ಲಿ ಟಿಸಿಎ ಕೂಡ ಇದೆ. ತನ್ನದೇ ರೆಪ್ಪೆಗೆ ಹಚ್ಚಿಕೊಳ್ಳುವವರು ಒಂದು ಕಣ್ಣು ಮುಚ್ಚಿರುತ್ತಾರೆ, ಕಣ್ಣೀರು ಒರೆಸಲು ಯಾರೂ ಇರುವುದಿಲ್ಲ, ಬಾಟಲಿಯ ನಿಜವಾದ ಬಲ ಗೊತ್ತಿರುವುದಿಲ್ಲ. ಬೆಳ್ಳುಳ್ಳಿ ಅರೆದು ಕಟ್ಟುವುದೂ ಸುಡುತ್ತದೆ, ಅದಕ್ಕೆ ಆಳದ ಲೆಕ್ಕವೇ ಇಲ್ಲ. ಹರಳೆಣ್ಣೆಯಿಂದ ಹಾನಿ ಕಡಿಮೆ, ಆದರೆ ಒಳಚರ್ಮದ ಕೋಶಗಳಿಗೆ ಅದು ಏನೂ ಮಾಡದು.

ಮಾಡಿಸಿಕೊಂಡ ಮೇಲೆ

ಯಾವುದನ್ನು ಮಾಡಿಸಿದರೂ ಮೊದಲ ವಾರ ಆರೈಕೆ ಒಂದೇ ಥರ. ಹೇಳಿದ ಮುಲಾಮು ತೆಳ್ಳಗೆ ಹಚ್ಚಿ, ಗಾಯ ಒಣಗಿ ಬಿರಿಯದಂತೆ ನೋಡಿಕೊಳ್ಳಿ. ಹೊಪ್ಪಳೆ ಕೀಳಬೇಡಿ, ಕಿತ್ತರೆ ಗುರುತು ಉಳಿಯುತ್ತದೆ. ಕಾಡಿಗೆ, ಐಲೈನರ್, ಕಾಂಟ್ಯಾಕ್ಟ್ ಲೆನ್ಸ್ ವೈದ್ಯರು ಹೇಳುವವರೆಗೆ ಬೇಡ. ಹೊಪ್ಪಳೆ ಬಿದ್ದ ಮೇಲೆ ಕಾಣುವ ಗುಲಾಬಿ ಬಣ್ಣ ಆಸಿಡ್‌ನಲ್ಲಿ ಕೆಲವು ವಾರ, ಲೇಸರ್‌ನಲ್ಲಿ ಕೆಲವೊಮ್ಮೆ ತಿಂಗಳುಗಳವರೆಗೆ ಇರುತ್ತದೆ. ಆ ಹೊಸ ಚರ್ಮಕ್ಕೆ ಬಿಸಿಲು ತಾಗಿದರೆ ಕಪ್ಪಾಗುತ್ತದೆ. ಅಗಲ ಅಂಚಿನ ಟೋಪಿ, ದೊಡ್ಡ ಕಪ್ಪು ಕನ್ನಡಕ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಇವನ್ನು ಮೂರು ತಿಂಗಳಾದರೂ ಬಿಡಬೇಡಿ.

ಸ್ವಲ್ಪ ಊತ, ಸ್ವಲ್ಪ ನೀರು ಸೋರುವುದು ಮಾಮೂಲಿ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕೀವು ಬಂದರೆ, ಕಣ್ಣೇ ಕೆಂಪಾಗಿ ಬೆಳಕು ಚುಚ್ಚುತ್ತಿದ್ದರೆ, ದೃಷ್ಟಿ ಮಂಜಾದರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ, ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. ವಾರಗಳ ನಂತರ ಕೆಳರೆಪ್ಪೆ ಎಳೆದಂತಾಗಿ ಕಣ್ಣು ಪೂರ್ತಿ ಮುಚ್ಚದಿದ್ದರೆ, ಅಥವಾ ಕಣ್ಣೀರು ಸುಮ್ಮಸುಮ್ಮನೆ ಕೆನ್ನೆಗೆ ಹರಿಯುತ್ತಿದ್ದರೆ ಅದನ್ನೂ ಹೇಳಿ. ಗಾಯ ಬಿಗಿಯುವುದು ಶುರುವಾದಾಗಲೇ ಮಸಾಜ್ ಅಥವಾ ಇಂಜೆಕ್ಷನ್‌ನಿಂದ ಸಡಿಲಿಸುವ ಪ್ರಯತ್ನ ಮಾಡಬಹುದು, ತಡವಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.